ಶಾಸನಗಳನ್ನು ಒರೆಗೆ ಹಚ್ಚಿದ ಫ್ಲೀಟರು

ಹೂವಿನ ಹಡಗಲಿ ತಾಲೂಕಿನ ಹಿರೇಹಡಗಲಿಯಲ್ಲಿ ದೊರೆತ ಎಂಟು ಹಲಗೆಗಳ ತಾಮ್ರಶಾಸನವು ಇತಿಹಾಸಾಸಕ್ತರಿಗೆ ಪರಿಚಿತವಾದುದೇ. ಕಂಚಿಯ ಪಲ್ಲವ ದೊರೆ ಶಿವಸ್ಕಂದವರ್ಮನು ಪ್ರಾಕೃತದಲ್ಲಿ ಬರೆಯಿಸಿದ ದಾನಪತ್ರವದು, ಕ್ರಿ. ಶ. ನಾಲ್ಕನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಎಪಿಗ್ರಾಫಿಯಾ ಇಂಡಿಕಾದ ಮೊದಲನೆಯ ಸಂಪುಟದಲ್ಲಿ ಜರ್ಮನ್ ಪಂಡಿತ ಬ್ಯೂಲರರು ಅದನ್ನು ಸಂಪಾದಿಸಿ ಪ್ರಕಟಿಸಿದರು. ತೇದಿ ಹೇಳುವಲ್ಲಿ ಆಳ್ವಿಕೆಯ 8ನೆಯ ವರ್ಷ, ಮಳೆಗಾಲದ 6ನೆಯ ಪಕ್ಷ, 5ನೆಯ ದಿನ ಎಂದಷ್ಟೇ ಅದರಲ್ಲಿದೆ. ಶಕವರ್ಷವಿಲ್ಲ, ವಾರವಿಲ್ಲ, ನಕ್ಷತ್ರವಿಲ್ಲ. ಇಂತಹ ಪತ್ರವನ್ನು ಲಿಪಿಯ ವಯಸ್ಸಿನಿಂದ, ಭಾಷೆಯ ಬಳಕೆಯಿಂದ ತೂಗಿ ನೋಡಬೇಕಲ್ಲದೆ ಲೆಕ್ಕಕ್ಕೆ ಹಚ್ಚಿ ನೋಡುವಂತಿಲ್ಲ.

ಅದೇ ಸೀಮೆಯ ಚಾಳುಕ್ಯ ಕಾಲದ ಕಲ್ಲುಗಳ ರೀತಿಯೇ ಬೇರೆ. ಹರಪನಹಳ್ಳಿಯ ಬಳಿಯ ಬಾಗಳಿ, ಕೊಟ್ಟೂರಿನ ಬಳಿಯ ಅಂಬಳಿ, ತುಂಗಭದ್ರೆಯ ದಡದ ಕುರುವತ್ತಿ, ಹಗರಿಬೊಮ್ಮನಹಳ್ಳಿ ತಾಲೂಕಿನ ಕೋಗಳಿ ಮೊದಲಾದ ಊರುಗಳು ಆ ಕಾಲದಲ್ಲಿ ಬಾಳಿ ಬೆಳಗಿದವು. ಆ ಕಾಲದ ಶಾಸನಗಳು ವರ್ಷವನ್ನು ಹೇಳಿ ಸುಮ್ಮನಾಗುವುದಿಲ್ಲ. ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಕೆಲವೊಮ್ಮೆ ಸಂಕ್ರಾಂತಿ, ಗ್ರಹಣ ಇವನ್ನೂ ಹೇಳುತ್ತವೆ. ಒಂದೇ ದಿನವನ್ನು ಐದಾರು ವಿಧವಾಗಿ ಹೇಳುವ ಈ ಪದ್ಧತಿ ಓದುವವರಿಗೆ ಬೇಸರ ತಂದೀತು. ಆದರೆ ಆ ಪುನರುಕ್ತಿಯೇ ಶಾಸನದ ಕಾವಲು. ಅದರೊಳಗಿನ ಒಂದು ಅಂಶ ಕೆಟ್ಟರೆ ಮಿಕ್ಕವು ಅದನ್ನು ಹೊರಗೆಡಹುತ್ತವೆ. ಈ ಕಾವಲನ್ನು ಬಳಸಿಕೊಂಡು ಕನ್ನಡ ನಾಡಿನ ಶಾಸನಗಳಲ್ಲಿ ಸಾಚಾ ಯಾವುದು, ಖೊಟ್ಟಿ ಯಾವುದು ಎಂದು ವಿಂಗಡಿಸಲು ಹೊರಟವರಲ್ಲಿ ಅಗ್ರಗಣ್ಯರು ಜಾನ್ ಫೇತ್‌ಫುಲ್ ಫ್ಲೀಟ್. ಅವರು ಪಡೆದ ಕೀರ್ತಿಯೂ ತಂದುಕೊಂಡ ವಿರೋಧವೂ ಈ ಒಂದು ಕೆಲಸದಿಂದಲೇ ಬಂದವು.

ಫ್ಲೀಟರು 1847ರಲ್ಲಿ ಜನಿಸಿದರು. ತಂದೆ ಲಂಡನ್ನಿನಲ್ಲಿ ಸಕ್ಕರೆಯ ದಲ್ಲಾಳಿ. ಮರ್ಚೆಂಟ್ ಟೇಲರ್ಸ್ ಶಾಲೆಯಲ್ಲಿ ಓದು ಮುಗಿಸಿ, ಸಿವಿಲ್ ಸರ್ವಿಸಿಗೆ ಆಯ್ಕೆಯಾದ ಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗೋಲ್ಡ್‌ಸ್ಟುಕರ್ ಎಂಬ ಪಂಡಿತರ ಬಳಿ ಸಂಸ್ಕೃತ ಕಲಿತರು. 1867ರಲ್ಲಿ ಮುಂಬಯಿಗೆ ಬಂದಿಳಿದಾಗ ಅವರಿಗೆ ಇಪ್ಪತ್ತು ವರ್ಷವೂ ತುಂಬಿತ್ತೋ ಇಲ್ಲವೋ. ಅನಂತರದ ಮೂವತ್ತು ವರ್ಷಗಳ ಬಹುಭಾಗ ಮುಂಬಯಿ ಇಲಾಖೆಯ ದಕ್ಷಿಣ ಜಿಲ್ಲೆಗಳಲ್ಲೇ ಕಳೆಯಿತು. 1872ರಲ್ಲಿ ದಕ್ಷಿಣ ವಿಭಾಗದ ವಿದ್ಯಾಧಿಕಾರಿಯಾದರು. 1875ರಲ್ಲಿ ಕೊಲ್ಲಾಪುರ ಮತ್ತು ದಕ್ಷಿಣ ಮರಾಠಾ ಸಂಸ್ಥಾನಗಳ ಸಹಾಯಕ ಪೊಲಿಟಿಕಲ್ ಏಜೆಂಟರಾದರು. ಮುಂದೆ ಸೊಲ್ಲಾಪುರದ ಕಲೆಕ್ಟರಿಕೆ, ಕಮಿಷನರಿಕೆ ಎಲ್ಲವೂ ಬಂದವು. ಅವನ್ನು ವಿಸ್ತರಿಸಬೇಕಾದುದಿಲ್ಲ, ಅಂತಹ ಹುದ್ದೆಗಳನ್ನು ಹಿಡಿದವರು ನೂರಾರು ಮಂದಿ, ಅವರಲ್ಲಿ ಹೆಸರು ಉಳಿದವರು ಎಷ್ಟು ಮಂದಿ?

ಶಾಲೆಗಳ ತನಿಖೆಗೆಂದು ಊರೂರು ತಿರುಗುವ ಅಧಿಕಾರಿಗೆ ಗುಡಿಯ ಮುಂದಣ ಕಲ್ಲುಗಳನ್ನು ನೋಡುವ ಅವಕಾಶ ತಾನಾಗಿ ಒದಗಿತು. ಆ ಹೊತ್ತಿಗೆ ಕನ್ನಡ ಶಾಸನಗಳ ದೊಡ್ಡ ಸಂಗ್ರಹವೊಂದು ಆಗಲೇ ಸಿದ್ಧವಾಗಿತ್ತು. ಸರ್ ವಾಲ್ಟರ್ ಎಲಿಯಟ್ಟರು ಧಾರವಾಡದ ಕಡೆ ಇದ್ದಾಗ ಪ್ರತಿಮಾಡಿಸಿದ 595 ಶಾಸನಗಳ ಕೈಬರಹದ ಸಂಪುಟಗಳವು. ಎಲಿಯಟ್ಟರ ಶ್ರಮ ಅಸಾಧಾರಣವಾದುದು. ಆದರೆ ಕಲ್ಲಿನ ಮುಂದೆ ಕುಳಿತು ಕಣ್ಣಿಂದ ಓದಿ ಕೈಯಿಂದ ಬರೆದ ಪ್ರತಿ ಎಂದಿಗೂ ಕಲ್ಲಾಗುವುದಿಲ್ಲ. ಗುಡಿಯ ಕಲ್ಲಿಗೆ ಎಣ್ಣೆ ಮೆತ್ತಿರುತ್ತದೆ, ಸುಣ್ಣ ಬಳಿದಿರುತ್ತದೆ. ಬಯಲಿನ ಕಲ್ಲಿನ ಮೇಲೆ ಕುಡುಗೋಲು ಮಸೆದಿರುತ್ತಾರೆ. ಅಕ್ಷರ ಮಸುಕಾದೆಡೆ ಮಕಾರವನ್ನು ವಕಾರವೆಂದು ಬರೆದುಕೊಂಡರೆ, ಅರ್ಥವಾಗದ ಪದವನ್ನು ಅರ್ಥವಾಗುವ ಪದಕ್ಕೆ ತಿದ್ದಿಕೊಂಡರೆ, ಆ ತಪ್ಪು ಪ್ರತಿಯ ಪ್ರತಿಯಲ್ಲಿ ಸತ್ಯವಾಗಿಬಿಡುತ್ತದೆ. ಫ್ಲೀಟರು ಮೂಲಶಿಲೆಗಳತ್ತ ತಿರುಗಿದುದಕ್ಕೂ, ಶಾಸನದ ಅಚ್ಚನ್ನು ಯಾಂತ್ರಿಕವಾಗಿ ತೆಗೆದು, ಕೈಯಾಡಿಸದೆ, ಪಾಠದ ಜೊತೆಗೆ ಮುದ್ರಿಸಬೇಕೆಂದು ಹಟ ಹಿಡಿದುದಕ್ಕೂ ಇದೇ ಕಾರಣ. ಓದುಗನು ಸಂಪಾದಕನ ಮಾತನ್ನು ನಂಬಬೇಕಾಗಿಲ್ಲ. ಅಚ್ಚನ್ನು ನೋಡಿ ತಾನೇ ತಾಳೆ ಹಾಕಬಹುದು. 1878ರಲ್ಲಿ ಅವರ ಪಾಳಿ, ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳ ಗ್ರಂಥವೂ, 1882ರಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಗ್ರಂಥವೂ ಹೊರಬಂದವು. ಬಾದಾಮಿ, ಮಳಖೇಡ, ಕಲ್ಯಾಣಗಳ ಅರಸರ ವಂಶಾವಳಿ ಇಂದು ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಕ್ರಮವಾಗಿ ನಿಂತಿದ್ದರೆ, ಅದರ ಮೊದಲ ಅಚ್ಚುಕಟ್ಟು ಈ ಪುಸ್ತಕದ್ದು.

ಲೆಕ್ಕದ ಒರೆ ಹೇಗೆ ನಡೆಯುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಆರನೆಯ ವಿಕ್ರಮಾದಿತ್ಯನು ಪಟ್ಟಕ್ಕೆ ಬಂದಾಗ ಶಕವರ್ಷವನ್ನು ಬದಿಗೊತ್ತಿ ತನ್ನದೇ ಚಾಳುಕ್ಯ ವಿಕ್ರಮ ವರ್ಷವನ್ನು ಸ್ಥಾಪಿಸಿದನು. ಇದರ ಕಾಲನಿರ್ಣಯವನ್ನು ಕುರಿತು ಫ್ಲೀಟರು 1879ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಬರೆದರು. ಅದರ ಮೊದಲನೆಯ ವರ್ಷ ಶಕ 998, ನಳ ಸಂವತ್ಸರ, ಎಂದರೆ ಕ್ರಿ. ಶ. 1076-77. ನಳವು ಅರವತ್ತು ಸಂವತ್ಸರಗಳಲ್ಲಿ ಐವತ್ತನೆಯದು. ಆದ್ದರಿಂದ ಒಂದು ಕಲ್ಲಿನಲ್ಲಿ ಚಾಳುಕ್ಯ ವಿಕ್ರಮ 37ನೆಯ ವರ್ಷವೆಂದಿದ್ದರೆ ಅದರ ಪಕ್ಕದಲ್ಲಿ ನಂದನ ಸಂವತ್ಸರವೆಂದೇ ಇರಬೇಕು. ಇಟಗಿಯ ಮಹಾದೇವ ದೇವಾಲಯದ ಕಾಲವಾದ ಕ್ರಿ. ಶ. 1112 ಆ ವರ್ಷವೇ. ಈಗ ಕಲ್ಲು ಚಕ್ಕೆ ಎದ್ದು, ಓದಿದವನು 37ನ್ನು 31 ಎಂದು ಓದಿದನೆಂದು ಇಟ್ಟುಕೊಳ್ಳಿ. 31ಕ್ಕೆ ಬರಬೇಕಾದುದು ವ್ಯಯ ಸಂವತ್ಸರ. ನಂದನವೆಂಬ ಹೆಸರು ಪಕ್ಕದಲ್ಲೇ ಕುಳಿತು, ಅಂಕಿ ಕೆಟ್ಟಿದೆ ಎಂದು ಸಾಕ್ಷಿ ನುಡಿಯುತ್ತದೆ. ವಾರದ ಹೆಸರು ಇನ್ನೊಂದು ಸಾಕ್ಷಿ. ವರ್ಷ ತಪ್ಪಾಗಿದ್ದರೆ ಆ ತಿಥಿಗೆ ಆ ವಾರವೇ ಬೀಳುವುದು ಏಳಕ್ಕೊಂದು ಸಲ ಮಾತ್ರ. ತಿಥಿ ನಕ್ಷತ್ರಗಳ ಜೋಡಿಗೆ ವರ್ಷದ ಹಂಗೂ ಇಲ್ಲ. ಮಾಸ ಮತ್ತು ತಿಥಿ ಗೊತ್ತಾದರೆ ಚಂದ್ರ ಸುಮಾರಾಗಿ ಯಾವ ನಕ್ಷತ್ರದಲ್ಲಿರಬೇಕೆಂಬುದು ನಿಶ್ಚಿತ.

1883ರಲ್ಲಿ ಸರ್ಕಾರವು ಫ್ಲೀಟರನ್ನು ಭಾರತ ಸರ್ಕಾರದ ಶಾಸನತಜ್ಞರನ್ನಾಗಿ ನೇಮಿಸಿತು. ಆ ಹುದ್ದೆಯನ್ನು ಮೊದಲು ಅಲಂಕರಿಸಿದವರು ಅವರೇ. ಮೂರು ವರ್ಷಗಳ ಆ ಅವಧಿಯ ಫಲವಾಗಿ 1888ರಲ್ಲಿ ಗುಪ್ತರ ಶಾಸನಗಳ ಸಂಪುಟ ಪ್ರಕಟವಾಯಿತು. ಗುಪ್ತಶಕೆ ಯಾವಾಗ ಪ್ರಾರಂಭವಾಯಿತೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಶತಮಾನಗಳಷ್ಟು ವ್ಯತ್ಯಾಸವಿತ್ತು. ಮಂದಸೋರಿನ ಶಾಸನದ ಮಾಲವ ವರ್ಷಗಳನ್ನು ಆಧರಿಸಿ ಫ್ಲೀಟರು ಅದನ್ನು ಕ್ರಿ. ಶ. 319-20ಕ್ಕೆ ನಿಲ್ಲಿಸಿದರು. ಈ ನಿರ್ಣಯಕ್ಕೂ ಒರೆ ಬೇಕಷ್ಟೆ? ಮಧ್ಯಪ್ರದೇಶದ ಏರಣದ ಕಂಬದಲ್ಲಿ ಬುಧಗುಪ್ತನ ಕಾಲದ ಬರಹವಿದೆ: ಗುಪ್ತವರ್ಷ 165, ಆಷಾಢ ಶುದ್ಧ ದ್ವಾದಶಿ, ಗುರುವಾರ. ಶಂಕರ ಬಾಲಕೃಷ್ಣ ದೀಕ್ಷಿತರೆಂಬ ಮರಾಠಿ ಜ್ಯೋತಿಷಿಗಳು ಗಣಿತ ಮಾಡಿ ನೋಡಿದರು. ಕ್ರಿ. ಶ. 484ರ ಜೂನ್ 21 ಬಂತು; ಅಂದು ಗುರುವಾರವೇ. ದೀಕ್ಷಿತರ ಲೆಕ್ಕವಿಲ್ಲದೆ ಫ್ಲೀಟರ ಕೀರ್ತಿ ಪೂರ್ಣವಾಗುತ್ತಿರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಇದೇ ದೀಕ್ಷಿತರು ಮುಂದೆ ಮದರಾಸು ಇಲಾಖೆಯ ರಾಬರ್ಟ್ ಸಿವೆಲ್ಲರೊಡನೆ ಸೇರಿ 1896ರಲ್ಲಿ ಭಾರತೀಯ ಪಂಚಾಂಗದ ಕೋಷ್ಟಕಗಳನ್ನು ಹೊರತಂದರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಆಗ ಮದರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಹೊಳೆಯ ಆಚೆಯ ದಡ ಮುಂಬಯಿಯದು. ಒಂದೇ ನಾಡಿನ ಕಲ್ಲುಗಳನ್ನು ಎರಡು ಇಲಾಖೆಗಳವರು ಓದಬೇಕಾಗಿದ್ದ ಕಾಲದಲ್ಲಿ, ಎರಡು ದಡಗಳಿಗೂ ಒಂದೇ ಅಳತೆಗೋಲು ಒದಗಿದುದು ಸಣ್ಣ ಉಪಕಾರವಲ್ಲ.

ಈ ಉಪಾಯವನ್ನೇ ಇಂದು ಗಣಕಯಂತ್ರಗಳಲ್ಲಿ ಕಾಣುತ್ತೇವೆ. ಡಿಸ್ಕಿನ ಮೇಲಿನ ಕಡತದಲ್ಲಿ ಒಂದು ಬಿಟ್ ಸದ್ದಿಲ್ಲದೆ ಮಗುಚಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ. ಆದಕಾರಣ ಕೆಲವು ಕಡತ ವ್ಯವಸ್ಥೆಗಳು ಬರೆಯುವಾಗಲೇ ಪ್ರತಿ ಖಂಡಕ್ಕೂ ಒಂದು ತಾಳೆಸಂಖ್ಯೆಯನ್ನು ಲೆಕ್ಕಹಾಕಿ ಇಡುತ್ತವೆ. ಚೆಕ್‌ಸಮ್ ಎಂದು ಅದರ ಹೆಸರು. ಓದುವಾಗ ಪುನಃ ಲೆಕ್ಕಹಾಕಿ ಹೋಲಿಸುತ್ತವೆ. ವಾರದ ಒರೆ ಏಳಕ್ಕೊಂದು ಸಲ ಮೋಸಹೋದರೆ, 32 ಬಿಟ್ಟುಗಳ ತಾಳೆಸಂಖ್ಯೆ ಸುಮಾರು 429 ಕೋಟಿಗೊಂದು ಸಲ ಮೋಸಹೋದೀತು. ಸನ್ ಮೈಕ್ರೋಸಿಸ್ಟಮ್ಸ್‌ನವರು 2005ರಲ್ಲಿ ಹೊರತಂದ ಝಡ್‌ಎಫ್‌ಎಸ್ ವ್ಯವಸ್ಥೆಯಲ್ಲಿ ಈ ಸಂಖ್ಯೆಯನ್ನು ಆ ಖಂಡದೊಳಗೇ ಇಡದೆ, ಅದರ ವಿಳಾಸವನ್ನು ಹಿಡಿದಿರುವ ಮೇಲಿನ ಖಂಡದಲ್ಲಿಡುತ್ತಾರೆ. ಕೆಟ್ಟವನ ಸಾಕ್ಷ್ಯವನ್ನು ಅವನ ಮನೆಯಲ್ಲೇ ಕೇಳಬಾರದಷ್ಟೆ. ಇಂತಹ ವ್ಯವಸ್ಥೆಯನ್ನು ಪರೀಕ್ಷಿಸುವ ಕ್ರಮವೂ ಸ್ವಾರಸ್ಯವಾದುದು. ಅದಕ್ಕೆ ತಿಳಿಯದಂತೆ ಡಿಸ್ಕಿನ ಮೇಲೆಯೇ ನೇರವಾಗಿ ಒಂದೆರಡು ಅಕ್ಷರಗಳನ್ನು ಬದಲಿಸಿ, ಅನಂತರ ಕಡತವನ್ನು ಓದಿಸುತ್ತಾರೆ. ತಪ್ಪೆಂದು ಕೂಗಿದರೆ ಕಾವಲು ಎಚ್ಚರವಾಗಿದೆ; ಕೆಟ್ಟುದನ್ನೇ ಒಳ್ಳೆಯದೆಂದು ಕೈಗಿತ್ತರೆ ಕಾವಲಿಲ್ಲ. ಲಿನಕ್ಸಿನಲ್ಲಿ ಬಹುವಾಗಿ ಬಳಸುವ ಎಕ್ಸ್ಟ್4 ವ್ಯವಸ್ಥೆಯು ತನ್ನ ಸ್ವಂತ ಲೆಕ್ಕಪತ್ರಗಳಿಗೆ ಮಾತ್ರ ಚೆಕ್‌ಸಮ್ ಇಟ್ಟುಕೊಳ್ಳಬಲ್ಲದು, ಕಡತದ ಒಡಲಿಗಲ್ಲ. ಅದರಂತೆಯೇ, ತೇದಿ ತಾಳೆಯಾದ ಮಾತ್ರಕ್ಕೆ ಶಾಸನದಲ್ಲಿ ಹೇಳಿದ ಹೊಲದ ಎಲ್ಲೆಗಳೂ ಸರಿಯೆನ್ನುವಂತಿಲ್ಲ. ತೇದಿಯ ಒರೆ ತೇದಿಯನ್ನಷ್ಟೇ ಕಾಯುತ್ತದೆ.

ಹೊಲದ ಮಾತು ಬಂದುದು ಅಕಸ್ಮಾತ್ತಲ್ಲ. ಕೂಟಶಾಸನಗಳು ಹುಟ್ಟಿದುದೇ ಭೂಮಿಗಾಗಿ. ಮೂಲಪತ್ರ ಸುಟ್ಟುಹೋದ ಅಗ್ರಹಾರದವರು ನೆನಪಿನಿಂದ ಹೊಸದು ಬರೆಸಿಕೊಂಡಿರಬಹುದು. ಮೂಲವೇ ಇಲ್ಲದವರು ಹಳೆಯ ದೊರೆಯ ಹೆಸರಿನಲ್ಲಿ ಸೃಷ್ಟಿಸಿಕೊಂಡಿರಬಹುದು. ಮುಂಬಯಿ ಇಲಾಖೆಯ ದಕ್ಷಿಣ ಜಿಲ್ಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವೆ ಇನಾಂ ಆಯೋಗವು ದಾಖಲೆಗಳನ್ನು ಕೆದಕಿ ಅನೇಕರ ಭೂಮಿಯನ್ನು ಕಿತ್ತುಕೊಂಡಿತ್ತು. ಆ ನೆನಪು ಹಸಿಯಾಗಿದ್ದ ಸೀಮೆಯಲ್ಲಿ ಫ್ಲೀಟರು ಕಂದಾಯದ ಅಧಿಕಾರಿ. ದಾಖಲೆಯನ್ನು ಶಂಕಿಸುವುದು ಅವರ ಉದ್ಯೋಗದ ಅಭ್ಯಾಸವೂ ಆಗಿತ್ತು. ತಾಮ್ರಪಟ ಕೈಗೆ ಬಂದರೆ ಶಾಸನತಜ್ಞರು ಮೊದಲು ನೋಡುವುದು ಹಲಗೆಗಳನ್ನು ಪೋಣಿಸಿದ ಬಳೆ ಅದುವರೆಗೆ ಕತ್ತರಿಸಲ್ಪಟ್ಟಿದೆಯೇ, ಮುದ್ರೆ ಹೊಂದುತ್ತದೆಯೇ ಎಂಬುದನ್ನು. ಬಳೆ ಬಿಚ್ಚಿದ್ದರೆ ನಡುವೆ ಒಂದು ಹಲಗೆ ಹೊಸದಾಗಿ ಸೇರಿರಬಹುದು. ಬಳಿಕ ಲಿಪಿ, ಬಳಿಕ ಭಾಷೆ, ಬಳಿಕ ತೇದಿ.

ಈ ಒರೆಗೆ ಸಿಕ್ಕಿ ನಲುಗಿದವು ಮುಖ್ಯವಾಗಿ ತಲಕಾಡಿನ ಗಂಗರ ತಾಮ್ರಪಟಗಳು. ಮೈಸೂರಿನ ಬೆಂಜಮಿನ್ ಲೂಯಿ ರೈಸರು ಅವನ್ನು ಒಂದೊಂದಾಗಿ ಪ್ರಕಟಿಸಿ, ಅವುಗಳ ಆಧಾರದ ಮೇಲೆ ಗಂಗರ ಪ್ರಾಚೀನ ವಂಶಾವಳಿಯನ್ನು ಕಟ್ಟಿದ್ದರು. ರೈಸರು ಬೆಂಗಳೂರಿನಲ್ಲೇ ಹುಟ್ಟಿದವರು, ಎಪಿಗ್ರಾಫಿಯಾ ಕರ್ಣಾಟಿಕಾದ ಹನ್ನೆರಡು ಸಂಪುಟಗಳ ಕರ್ತೃ; ಕನ್ನಡಿಗರಿಗೆ ಅವರ ಮೇಲೆ ಪ್ರೀತಿ ಹೆಚ್ಚು, ಅದು ನ್ಯಾಯವೂ ಹೌದು. ಫ್ಲೀಟರು ಆ ತಾಮ್ರಪಟಗಳನ್ನು ಕೂಟವೆಂದು ಸಾರಿದರು. ಮಡಿಕೇರಿಯ ತಾಮ್ರಪಟವನ್ನೇ ನೋಡಿ. 388ನೆಯ ವರ್ಷ, ಮಾಘಮಾಸ, ಸೋಮವಾರ, ಸ್ವಾತಿ ನಕ್ಷತ್ರ, ಶುದ್ಧ ಪಂಚಮಿ ಎಂದು ಅದರ ತೇದಿ. ಪಂಚಾಂಗ ಬಲ್ಲ ಹಳ್ಳಿಯ ಜೋಯಿಸರಿಗೂ ಇಲ್ಲಿ ಸಂಶಯ ಬರುತ್ತದೆ. ಮಾಘದ ಹುಣ್ಣಿಮೆಗೆ ಚಂದ್ರ ಮಖೆಯ ಆಸುಪಾಸಿನಲ್ಲಿರುತ್ತಾನೆ. ಅದಕ್ಕೆ ಹತ್ತು ದಿನ ಹಿಂದಿನ ಶುದ್ಧ ಪಂಚಮಿಯಂದು ರೇವತಿಯ ಬಳಿ ಇರಬೇಕಾದವನು ಸ್ವಾತಿಗೆ ಬರುವುದೆಂತು? ಸಾಲದುದಕ್ಕೆ ಅಕಾಲವರ್ಷನೆಂಬ ಹೆಸರು ಅದರಲ್ಲಿದೆ. ಅದು ಮುನ್ನೂರು ವರ್ಷ ಈಚಿನ ರಾಷ್ಟ್ರಕೂಟರ ಬಿರುದು. ಲಿಪಿಯೂ ಈಚಿನದು.

ಇಲ್ಲಿ ಒಂದು ಮಾತು. ಶುದ್ಧ ಎಂಬುದನ್ನು ಬಹುಳ ಎಂದು ತಿದ್ದಿದರೆ ಸ್ವಾತಿ ಸರಿಹೋಗುತ್ತದೆ. ಎಂದರೆ ನಕ್ಷತ್ರದ ಒರೆ ಮಾತ್ರವೇ ಆಗಿದ್ದರೆ, ಅದು ಕೆತ್ತಿದವನ ಕೈತಪ್ಪು ಎಂದು ಬಿಡಬಹುದಾಗಿತ್ತು. ಸಾಚಾ ಶಾಸನಗಳಲ್ಲಿಯೂ ತೇದಿ ತಾಳೆಯಾಗದವು ಎಷ್ಟೋ ಇವೆ. ತಪ್ಪಿದೆ ಎಂದು ಒರೆ ಹೇಳಬಲ್ಲದು. ಎಲ್ಲಿ ತಪ್ಪಿದೆ, ಏಕೆ ತಪ್ಪಿದೆ, ಮಿಕ್ಕುದೆಲ್ಲವೂ ಕೆಟ್ಟಿದೆಯೇ ಎಂದು ಹೇಳಲಾರದು. ಮಡಿಕೇರಿಯ ಪಟವನ್ನು ಕೆಡವಿದುದು ಆ ರಾಷ್ಟ್ರಕೂಟ ಬಿರುದು ಮತ್ತು ಲಿಪಿ. ಅಲ್ಲಿಯವರೆಗೆ ಫ್ಲೀಟರ ನಡೆ ಸರಿಯಾದುದೇ. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಕೆಟ್ಟ ಪಟಗಳು ಹೇಳುವ ವಂಶಾವಳಿಯೇ ಕಟ್ಟುಕಥೆ, ಆ ಪ್ರಾಚೀನ ಗಂಗರಸರೇ ಕಲ್ಪಿತರು ಎಂಬಲ್ಲಿಯವರೆಗೆ ಹೋದರು. ಒಂದು ಖಂಡ ಕೆಟ್ಟಿತೆಂದು ಇಡೀ ಭಂಡಾರಕ್ಕೆ ಬೀಗ ಜಡಿದಂತೆ ಇದು. 1901ರಲ್ಲಿ ಭಾರತದ ಕೂಟಶಾಸನಗಳನ್ನು ಕುರಿತು ಬರೆದಾಗಲೂ ಅವರ ನಿಲುವು ಸಡಿಲಲಿಲ್ಲ. ರೈಸರೂ ಬಿಡಲಿಲ್ಲ. ಈ ವಾದ ಹಲವು ವರ್ಷ ನಡೆಯಿತು.

ಈ ನಡುವೆ ಕೋಗಳಿಯ ಕಲ್ಲೊಂದನ್ನು ನೆನೆಯಬೇಕು. ಕ್ರಿ. ಶ. 1055ರ, ಚಾಳುಕ್ಯ ತ್ರೈಲೋಕ್ಯಮಲ್ಲನ ಕಾಲದ ಆ ಶಾಸನವು ಅಲ್ಲಿನ ಬಸದಿಯನ್ನು ಮೊದಲು ಕಟ್ಟಿಸಿದವನು ದುರ್ವಿನೀತನೆಂದು ಹೇಳುತ್ತದೆ. ತಾಮ್ರಪಟಗಳ ವಂಶಾವಳಿಯಲ್ಲಿ ಬರುವ ಗಂಗ ದೊರೆಯ ಹೆಸರದು. ಕವಿರಾಜಮಾರ್ಗವೂ ದುರ್ವಿನೀತನೆಂಬ ಗದ್ಯಕಾರನನ್ನು ಹೆಸರಿಸುತ್ತದೆ. ಐನೂರು ವರ್ಷಗಳ ಅನಂತರದ ಕಲ್ಲು ಪಟಗಳನ್ನು ಸಾಚಾ ಮಾಡಲಾರದು, ನಿಜ. ಆದರೆ ತಲಕಾಡಿನಿಂದ ಅಷ್ಟು ದೂರದ ಕೋಗಳಿ ನಾಡಿನಲ್ಲಿ, ಭೂಮಿಯ ವ್ಯಾಜ್ಯಕ್ಕೆ ಸಂಬಂಧವಿಲ್ಲದ ಬಸದಿಯೊಂದರಲ್ಲಿ ಆ ಹೆಸರು ಉಳಿದಿತ್ತೆಂದರೆ, ಅದನ್ನು ಕೇವಲ ಪಟಕಾರರ ಸೃಷ್ಟಿಯೆನ್ನುವುದು ಕಷ್ಟ. ಇನ್ನೊಂದೆಡೆ ಬೇರೊಂದು ಪ್ರತಿ ಇದ್ದಂತೆ ಅದು.

ಫ್ಲೀಟರ ಈ ಕಟುತನವನ್ನಷ್ಟೇ ನೋಡಿದವರಿಗೆ ಅವರ ಇನ್ನೊಂದು ಮುಖ ಆಶ್ಚರ್ಯ ತಂದೀತು. 1885ರಿಂದ ಕೆಲವು ವರ್ಷ ರಿಚರ್ಡ್ ಟೆಂಪಲ್ಲರೊಡನೆ ಇಂಡಿಯನ್ ಆಂಟಿಕ್ವರಿಯ ಸಂಪಾದಕರಾಗಿದ್ದಾಗ ಅವರು ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ಅನುವಾದದೊಡನೆ ಅಚ್ಚುಹಾಕಿಸಿದರು. ಸಂಗೊಳ್ಳಿ ರಾಯಣ್ಣನ ಬಂಡಾಯ, ಹಲಗಲಿಯ ಬೇಡರ ದಂಗೆ ಅವುಗಳಲ್ಲಿ ಸೇರಿವೆ. ತಮ್ಮದೇ ಸರ್ಕಾರದ ವಿರುದ್ಧ ಸೆಣಸಿದವರ ಹಾಡುಗಳವು. ಲಾವಣಿಗೆ ತೇದಿಯಿಲ್ಲ, ಮುದ್ರೆಯಿಲ್ಲ; ಬಾಯಿಂದ ಬಾಯಿಗೆ ಹೋಗುವಾಗ ಮಾತು ಬದಲಾಗುವುದೇ ಅದರ ಧರ್ಮ. ಅಲ್ಲಿ ಅವರು ಒರೆಗಲ್ಲನ್ನು ಕೈಗೆತ್ತಿಕೊಳ್ಳದೆ ಹಾಡಿದಂತೆ ಬರೆದುಕೊಂಡರು. ಈ ವಿವೇಕಕ್ಕಾಗಿ ಕನ್ನಡ ಜಾನಪದವು ಅವರಿಗೆ ಋಣಿಯಾಗಿದೆ.

1897ರಲ್ಲಿ ನಿವೃತ್ತರಾಗಿ ಲಂಡನ್ನಿನ ಈಲಿಂಗಿನಲ್ಲಿ ನೆಲೆಸಿದರು. 1906ರಿಂದ ರಾಯಲ್ ಏಷಿಯಾಟಿಕ್ ಸೊಸೈಟಿಯ ಗೌರವ ಕಾರ್ಯದರ್ಶಿ. 1912ರಲ್ಲಿ ಆ ಸಂಸ್ಥೆಯ ಸುವರ್ಣಪದಕ ಬಂತು. ಅಷ್ಟರಲ್ಲಿ ಅನಂತಪುರ ಜಿಲ್ಲೆಯ ಪೆನುಗೊಂಡೆಯಿಂದ ಗಂಗ ದೊರೆ ಮಾಧವನ ತಾಮ್ರಪಟವೊಂದು ಬೆಳಕಿಗೆ ಬಂತು. ಮಾಧವನ ತಂದೆಯನ್ನು ಪಲ್ಲವ ಸಿಂಹವರ್ಮನೂ, ಮಾಧವನನ್ನು ಪಲ್ಲವ ಸ್ಕಂದವರ್ಮನೂ ಪಟ್ಟಕ್ಕೆ ಏರಿಸಿದರೆಂದು ಅದರಲ್ಲಿತ್ತು. ಹಿರೇಹಡಗಲಿಯ ಶಿವಸ್ಕಂದವರ್ಮನ ಕುಲದ ಅರಸರವರು. ಸಿಂಹವರ್ಮನ ಕಾಲಕ್ಕೆ ಹೊರಗಿನ ಸಾಕ್ಷಿಯೊಂದಿತ್ತು: ಲೋಕವಿಭಾಗವೆಂಬ ಜೈನಗ್ರಂಥವು ಕಂಚಿಯ ಸಿಂಹವರ್ಮನ 22ನೆಯ ವರ್ಷ, ಶಕ 380ರಲ್ಲಿ, ಎಂದರೆ ಕ್ರಿ. ಶ. 458ರಲ್ಲಿ, ಮುಗಿಯಿತೆಂದು ಅದರ ಕೊನೆಯಲ್ಲಿ ಹೇಳಿದೆ. ಯಾವ ಭೂಮಿಯನ್ನೂ ಬೇಡದ ಗ್ರಂಥದ ಮಾತು ತಾಮ್ರಪಟದ ಮಾತಿಗೆ ಹೊಂದಿತು. ಲಿಪಿಯೂ ಆ ಕಾಲಕ್ಕೆ ತಕ್ಕುದಾಗಿತ್ತು.

1915ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಫ್ಲೀಟರು ಈ ಪಟವನ್ನು ಕುರಿತು ಬರೆದರು. ಇದು ಸಾಚಾ ಗಂಗಶಾಸನ, ಐದನೆಯ ಶತಮಾನದ್ದು ಎಂದು ಒಪ್ಪಿಕೊಂಡರು. ಆಗ ಅವರಿಗೆ ಅರವತ್ತೆಂಟು ವರ್ಷ. ಜೀವಮಾನವಿಡೀ ಇಲ್ಲವೆಂದು ವಾದಿಸಿದ ವಂಶಕ್ಕೆ ಅದೇ ಲೇಖನಿಯಿಂದ ಜಾಗ ಕೊಟ್ಟರು. ಉಳಿದ ಪಟಗಳ ಮೇಲಿನ ತಮ್ಮ ಆಕ್ಷೇಪಗಳನ್ನೇನೂ ಅವರು ಅಳಿಸಿಹಾಕಲಿಲ್ಲ, ಅಳಿಸಬೇಕಾಗಿಯೂ ಇರಲಿಲ್ಲ.

1917ರ ಫೆಬ್ರವರಿ 21ರಂದು ಫ್ಲೀಟರು ತೀರಿಕೊಂಡರು. ಪೆನುಗೊಂಡೆಯ ತಾಮ್ರಪಟವನ್ನು ಎಪಿಗ್ರಾಫಿಯಾ ಇಂಡಿಕಾದ ಹದಿನಾಲ್ಕನೆಯ ಸಂಪುಟಕ್ಕೆ ಅಚ್ಚುಗಳೊಡನೆ ಸಂಪಾದಿಸಿಕೊಟ್ಟವರು ಅವರ ಹಳೆಯ ಪ್ರತಿವಾದಿ ರೈಸರು. ಬಾಗಳಿ, ಕೋಗಳಿ, ಕುರುವತ್ತಿಗಳ ಕಲ್ಲುಗಳು ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಸೇರಿ ಮುದ್ರಣಗೊಳ್ಳಲು 1939ರವರೆಗೆ ಕಾಯಬೇಕಾಯಿತು. ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಆ ಸಂಪುಟದ ಸಂಪಾದಕರು.